ಏಳು ಚುಕ್ಕಿಯ ಚಿತ್ರ

ನಮ್ಮ ಮೇಡಂ ಡಸ್ಟರ್ ಮುಟ್ಟುತ್ತಿರಲಿಲ್ಲ. ಬೋರ್ಡನ್ನು ಅಂಗೈಯಿಂದಲೇ ಒರೆಸಿ, ಆ ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಿಲ್ಲುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಸೀರೆಯ ಮೇಲೆ ಐದು ಬೆರಳೂ ಬೆಳ್ಳಗೆ ಮೂಡಿರುತ್ತಿದ್ದವು.

ಹೈದರಾಬಾದಿನಲ್ಲಿ ಡಿಗ್ರಿ ವಿದ್ಯಾರ್ಥಿಗಳಿಗೆಂದು ನಡೆದ ಬೇಸಿಗೆಯ ಗಣಿತ ಸಂಶೋಧನಾ ಶಿಬಿರದಲ್ಲಿ ಅವರು ನನ್ನ ಮಾರ್ಗದರ್ಶಕಿ. ಕಲಬುರಗಿ ಕಡೆಯವರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಗುಂಪಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ, ಆ ಭಾಗ್ಯವೂ ನನಗೊಬ್ಬಳಿಗೇ. ಯಾವ ಪ್ರೂಫ್ ಒಯ್ದು ತೋರಿಸಿದರೂ ಮೊದಲು ಕೇಳುವುದು ಒಂದೇ: “ಕೈಲೆ ಹಾಕಿ ನೋಡಿದೇನ?”

ಚುಕ್ಕಿಗಳನ್ನು ಗೆರೆಗಳಿಂದ ಜೋಡಿಸುವ ಚಿತ್ರಗಳ ಬಗ್ಗೆ ನಾನೊಂದು ನಿಯಮ ಕಂಡುಕೊಂಡಿದ್ದೆ. ಆರು ಚುಕ್ಕಿಗಳವರೆಗೆ ಕೈಯಲ್ಲೇ ಹಾಕಿ ನೋಡಿದ್ದೆ. ಪ್ರೂಫ್ ಓದಿ ಮೇಡಂ ಕೂಡ “ಛಲೋ ಐತಿ” ಎಂದಿದ್ದರು. ಕೊನೆಯ ದಿನ ಅದನ್ನು ಎಲ್ಲರೆದುರು ವಿವರಿಸಬೇಕಿತ್ತು. ಅದೇ ಊರಿನ ಸನತ್‌ನಗರದ ಕಾರ್ಖಾನೆಯಲ್ಲಿದ್ದ ಅಪ್ಪ ರಜೆ ಹಾಕಿ ಬರುವವರಿದ್ದರು. ನನ್ನನ್ನು ಎಂ.ಎಸ್ಸಿ.ಗೆ ಕಳಿಸುವುದೋ, ಕೆಲಸಕ್ಕೆ ಹಚ್ಚುವುದೋ ಎಂಬುದನ್ನು ಅಂದೇ ತೀರ್ಮಾನಿಸುವುದಾಗಿ ಹೇಳಿದ್ದರು. ಹಿಂದಿನ ದಿನ ಬೆಳಿಗ್ಗೆ, ಸುಮ್ಮನೆ ಕೂತವಳು ಏಳು ಚುಕ್ಕಿ ಹಾಕಿದೆ. ನಿಯಮ ಮುರಿದುಬಿತ್ತು.

ಅಳುತ್ತಲೇ ಮೇಡಂ ಹತ್ತಿರ ಹೋದೆ. “ಆರರ ತನಕದ್ದಷ್ಟೇ ಹೇಳ್ತೀನ್ರಿ ಮೇಡಂ. ನಾಳೆ ಅಪ್ಪ ಬರ್ತಾರ.”

ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. “ಇದನ್ನ ಮೊದಲ ಹೇಳು. ಉಳದದ್ದು ಆಮ್ಯಾಲ.”

ಮರುದಿನ ಎಲ್ಲರೆದುರು ಹಾಗೆಯೇ ಹೇಳಿದೆ. ಮುಗಿದ ಮೇಲೆ ಮೇಡಂ ಎದ್ದು ನಿಂತು, ಆ ಪ್ರೂಫನ್ನು ಓದಿ ಸರಿ ಎಂದಿದ್ದವಳು ತಾನೇ ಎಂದು ಇಡೀ ಹಾಲ್‌ಗೆ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು. ಅಪ್ಪನಿಗೆ ಅದು ತಿಳಿಯಲಿಲ್ಲ; ಲೆಕ್ಕ ತಪ್ಪಿದೆ ಎಂದಷ್ಟೇ ಪಕ್ಕದವರಿಂದ ಕೇಳಿದ್ದರು. ಹೊರಗೆ ಬಂದವರೇ ಕೇಳಿದರು, “ಲೆಕ್ಕ ತಪ್ಪಾತಂತಲ್ರಿ ಮೇಡಂ?”

“ಹೌದ್ರಿ. ನನಗ ಕಾಣಿಸಲಿಲ್ಲ, ನಿಮ್ಮ ಮಗಳಿಗೆ ಕಾಣಿಸ್ತು. ನೀವು ಏನ್ ಕೆಲಸ ಮಾಡ್ತೀರಿ?”

“ಬೋಲ್ಟ್ ಚೆಕ್ ಮಾಡ್ತೀನ್ರಿ. ಕೆಟ್ಟ ಮಾಲು ಹೊರಗ ಹೋಗಬಾರದು.”

“ಮತ್ತ? ಇಕಿ ಏನ್ ಮಾಡ್ಯಾಳ?”

ಅಪ್ಪ ಅವರಿಗೆ ಕೈಮುಗಿದು ಹೊರಟರು. ಬಸ್ಸು ಹತ್ತಿ ಕೂತ ಮೇಲೆ, “ಎಂ.ಎಸ್ಸಿ. ಅರ್ಜಿ ಎಲ್ಲಿ ಕೊಡ್ತಾರ?” ಎಂದರು.

ಮೇಡಂ ಹೋದ ವರ್ಷ ತೀರಿಕೊಂಡರು. ನಾನೀಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮೊನ್ನೆ ನಾನು ಬೋರ್ಡಿನ ಮೇಲೆ ಬರೆದ ಪ್ರೂಫಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಪ್ಪು ಹಿಡಿದಳು. ನಾಚಿಕೆಯಾಯಿತು. ಏನೋ ಹೇಳಿ ಮುಂದೆ ಹೋಗಿಬಿಡಬಹುದಿತ್ತು. ಅವಳನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟೆ. ಡಸ್ಟರ್ ಮೇಜಿನ ಮೇಲೇ ಇತ್ತು. ನನ್ನ ಸಾಲನ್ನು ಅಂಗೈಯಿಂದಲೇ ಒರೆಸಿದೆ.