ನನ್ನ ಗಾಳ, ಅವ್ವನ ಹರಕೆ

ಕೊನೆಯ ಸಲದ ಸಲೈನ್ ಬಾಟಲಿ ಮುಗಿದ ಮೇಲೆ ಹೈದರಾಬಾದಿನ ಡಾಕ್ಟರು ನನ್ನ ಕುತ್ತಿಗೆ, ಕಂಕುಳು ಎಲ್ಲ ಒತ್ತಿ ನೋಡಿ, ಇನ್ನು ಊರಿಗೆ ಹೋಗಿ ಮೊದಲಿನ ಹಾಗೆ ಇರು ಎಂದರು. ಮೊದಲಿನ ಹಾಗೆ ಇರುವುದೆಂದರೆ ಹೇಗೆ ಎಂಬುದೇ ನನಗೆ ಮರೆತುಹೋಗಿತ್ತು. ಪೆದ್ದನ ಹಾಗೆ ಅವರ ಮುಖ ನೋಡುತ್ತ ನಿಂತೆ. ಪಾಪ ಅನ್ನಿಸಿರಬೇಕು, ನಿನ್ನ ಶೋಕು ಏನಪ್ಪ ಎಂದು ಉರ್ದುವಿನಲ್ಲಿ ಕೇಳಿದರು. ಗಾಳ ಹಾಕಿ ಮೀನು ಹಿಡಿಯುವುದು ಎಂದೆ. ಹಾಗಾದರೆ ಹೋಗಿ ಮೀನು ಹಿಡಿ, ಇನ್ನು ಅದೇ ನಿನ್ನ ಔಷಧ ಎಂದು ನಕ್ಕು ಮುಂದಿನ ಪೇಷಂಟನ್ನು ಕರೆದರು.

ಅವ್ವ ಪಕ್ಕದಲ್ಲೇ ಕೈಚೀಲ ಹಿಡಿದು ನಿಂತಿದ್ದಳು. ನಿಜಾಮನ ಕಾಲದಲ್ಲಿ ಹುಟ್ಟಿದವಳು, ಉರ್ದು ಆಡಲು ಬಾರದಿದ್ದರೂ ಚೆನ್ನಾಗಿ ತಿಳಿಯುತ್ತಿತ್ತು. ಡಾಕ್ಟರು ನಕ್ಕಾಗ ಅವಳು ನಗಲಿಲ್ಲ. ರೈಲಿನಲ್ಲಿ ಯಾದಗಿರಿ ಬರುವ ತನಕವೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತಿಂಗಳುಗಟ್ಟಲೆ ಆಸ್ಪತ್ರೆಯ ವರಾಂಡದಲ್ಲಿ ಮಲಗಿ ದಣಿದಿದ್ದಾಳೆ ಅಂದುಕೊಂಡೆ.

ಆಗ ನಾನು ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆ ಆಫೀಸಿನ ಗುಮಾಸ್ತ. ಅಲ್ಲಿಯೇ ಕ್ವಾರ್ಟರ್ಸು, ಅವ್ವ, ಹೆಂಡತಿ, ನಾನು. ಕಾಲುವೆ ಬರುವ ಮೊದಲು ನಮ್ಮ ಕಡೆಯ ಬಹಳ ಮನೆಗಳಿಗೆ ಮೀನು ಎಂದರೆ ಸಂತೆಯ ಒಣಮೀನು. ಕಾಲುವೆಗೆ ನೀರು ಬಿಟ್ಟ ಮೇಲೆ ನೆಲ್ಲು ಬಂತು, ಸೊಳ್ಳೆ ಬಂತು, ಆಂಧ್ರದ ರೈತರು ಬಂದರು, ಜೊತೆಗೆ ಮೀನೂ ಬಂತು. ನನಗೆ ಗಾಳದ ಹುಚ್ಚು ಹತ್ತಿದ್ದು ಆಗಲೇ. ಭಾನುವಾರ ಬಂದರೆ ಸಾಕು, ಬಿದಿರು ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು ತೆಗೆದುಕೊಂಡು ಕಾಲುವೆಯ ಗೇಟಿನ ಕೆಳಗೆ ಹೋಗಿ ಕೂಡುತ್ತಿದ್ದೆ. ಆಫೀಸಿನ ಜೀಪಿನ ಡ್ರೈವರ್ ನನ್ನ ಜೊತೆಗಾರ. ಇಬ್ಬರೂ ಗಂಟೆಗಟ್ಟಲೆ ಒಂದು ಮಾತೂ ಆಡದೆ ಕೂತು ಎದ್ದು ಬರುತ್ತಿದ್ದೆವು. ಹೆಂಡತಿಯ ಜೊತೆ ಹಾಗೆ ಕೂತರೆ ಸಿಟ್ಟು ಬಂದಿದೆಯೇ ಎಂದು ಕೇಳುತ್ತಾಳೆ.

ಅಂಥ ದಿನಗಳಲ್ಲೇ ನನ್ನ ದವಡೆಯ ಕೆಳಗೆ ಗಂಟು ಎದ್ದದ್ದು. ನಮ್ಮ ಕಡೆ ಅದರ ಹೆಸರು ಯಾರೂ ಹೇಳುವುದಿಲ್ಲ, ದೊಡ್ಡ ಬ್ಯಾನಿ ಅನ್ನುತ್ತಾರೆ. ಹೇಳುವಾಗ ದನಿಯನ್ನೂ ತಗ್ಗಿಸುತ್ತಾರೆ, ಜೋರಾಗಿ ಹೇಳಿದರೆ ಅದು ತಿರುಗಿ ನೋಡುತ್ತದೆ ಎನ್ನುವ ಹಾಗೆ.

ಊರಿಗೆ ಬಂದ ಮೇಲೆ ಒಂದೊಂದಾಗಿ ಎಲ್ಲ ಮರಳಿದವು. ಒಗ್ಗರಣೆಯ ವಾಸನೆಗೆ ವಾಂತಿ ಬರುವುದು ನಿಂತಿತು. ತಲೆಯ ಮೇಲೆ ಕೂದಲು ಮೂಡಿತು, ಮೊದಲಿಗಿಂತ ಮೆತ್ತಗೆ. ಗಡ್ಡ ಬಂದ ದಿನ ಹಬ್ಬಕ್ಕೆ ಹೊರಟವನ ಹಾಗೆ ಬ್ಲೇಡು ತರಲು ಅಂಗಡಿಗೆ ನಾನೇ ಹೋದೆ. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಎಂದು ರೇಗಿದ ದಿನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಅಂತೂ ಇವತ್ತು ಮನಿಗಿ ಬಂದ್ರಿ ನೋಡ್ರಿ" ಎಂದಳು.

ಆಫೀಸಿನಲ್ಲಿ ಮಾತ್ರ ನಾನು ಇನ್ನೂ ಆಸ್ಪತ್ರೆಯಲ್ಲೇ ಇದ್ದೆ. ನನ್ನ ಟೇಬಲ್ಲಿಗೆ ಬರಬೇಕಾದ ಫೈಲು ಪಕ್ಕದವನ ಟೇಬಲ್ಲಿಗೆ ಹೋಗುತ್ತಿತ್ತು. ಫ್ಯಾನನ್ನು ನನ್ನ ಕಡೆಗೇ ತಿರುಗಿಸಿ ಇಡುತ್ತಿದ್ದರು. ಮೊದಲು ನನ್ನ ಜೊತೆ ಕೈ ಕೈ ಮಿಲಾಯಿಸುವಷ್ಟು ಜಗಳಾಡುತ್ತಿದ್ದ ಕ್ಯಾಷಿಯರ್ ಕೂಡ "ಹ್ಯಾಂಗದೀರಿ?" ಎಂದು ಸತ್ತವರ ಮನೆಗೆ ಬಂದವನ ಹಾಗೆ ಕೇಳುತ್ತಿದ್ದ. ಚೆನ್ನಾಗಿದ್ದೇನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಗಾಳ ಹಿಡಿದು ಕಾಲುವೆಯ ದಂಡೆ ಮೇಲೆ ಕೂತಿದ್ದನ್ನು ನಾಲ್ಕು ಜನ ಕಂಡರೆ ಈ ಕರುಣೆ ತಪ್ಪೀತು ಅನ್ನಿಸಿತು. ನಿಜ ಹೇಳಬೇಕೆಂದರೆ, ಗುಣವಾಗಿದ್ದೇನೆ ಎಂದು ನನಗೂ ಸಾಕ್ಷಿ ಬೇಕಾಗಿತ್ತು.

ಕಾಲುವೆಗೆ ನೀರು ಬಿಡುವ ಆರ್ಡರ್ ಬಂದ ದಿನ ಸಂಜೆ ಗಾಳದ ಕೋಲು ಹುಡುಕಿದೆ. ಇಟ್ಟ ಜಾಗದಲ್ಲಿ ಇರಲಿಲ್ಲ. ಹಿತ್ತಲಿಗೆ ಹೋದರೆ ಹೀರೆಬಳ್ಳಿ ಅದನ್ನೇ ಸುತ್ತಿಕೊಂಡು ಮೇಲೆ ಏರಿತ್ತು. ಹಳದಿ ಹೂ ಬೇರೆ ಬಿಟ್ಟಿತ್ತು.

"ಯವ್ವಾ, ನನ್ನ ಕೋಲು ಬಳ್ಳಿಗ್ಯಾಕ ಹಚ್ಚೀದಿ?"

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಇನ್ನ ಅದು ಬ್ಯಾಡ ಯಪ್ಪಾ. ದೇವಾಪುರದ ದುರಗಮ್ಮಗ ಬೇಡಿಕೊಂಡೀನಿ. ನನ್ನ ಮಗ ಉಳದ್ರ ಅವನ ಕೈಲಿಂದ ಗಾಳ ಬಿಡಸ್ತೀನಿ, ಇನ್ನೊಂದು ಜೀವ ತಗಿಯಂಗಿಲ್ಲ ಅಂತ."

ದೇವಾಪುರ ಅವ್ವನ ತವರು. ಅಲ್ಲಿ ಹೊಲದ ಅಂಚಿನಲ್ಲಿ ಬೇವಿನ ಮರದ ಕೆಳಗೆ ಒಂದು ಸಣ್ಣ ಗುಡಿ. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧ. ನಾನು ಹರಕೆ, ಮುಡಿಪು ಎಲ್ಲ ಬಿಟ್ಟು ಬಹಳ ದಿನವಾಗಿತ್ತು. ಅವ್ವನೂ ಬುದ್ಧನಿಗೆ ಕೈ ಮುಗಿಯುತ್ತಿದ್ದಳು. ಆದರೆ ತವರಿನ ದುರಗಮ್ಮನನ್ನು ಬಿಟ್ಟಿರಲಿಲ್ಲ. ಬುದ್ಧ ಮಗನ ದೇವರು, ದುರಗಮ್ಮ ತನ್ನ ಗೆಳತಿ, ಅಷ್ಟೇ ಅವಳ ಲೆಕ್ಕ.

ಇದೆಲ್ಲ ಮೂಢನಂಬಿಕೆ ಎಂದು ನಾನು ಭಾಷಣ ಶುರು ಮಾಡಿದೆ. ಒಳಗಿನಿಂದ ಹೆಂಡತಿ ಕೂಗಿದಳು.

"ದಿನಾ ಪಂಚಶೀಲ ಹೇಳ್ತೀರಲ್ರಿ, ಮೊದಲನೇ ಶೀಲದಾಗ ಏನದ ಹೇಳ್ರಿ ನೋಡೂಣು!"

ಅದರಲ್ಲಿ ಇರುವುದು ಪ್ರಾಣಿಹಿಂಸೆ ಮಾಡುವುದಿಲ್ಲ ಎಂದೇ. ಗಾಳದ ವಿಷಯದಲ್ಲಿ ನಾನು ಅದನ್ನು ಕೊಂಚ ಅವಸರದಲ್ಲಿ ದಾಟಿ ಹೋಗುತ್ತಿದ್ದೆ. ಅತ್ತೆ ಸೊಸೆ ಎಂದೂ ಒಂದಾಗದವರು ಅಂದು ಒಂದಾಗಿದ್ದರು. ಭಾಷಣ ಅಲ್ಲಿಗೇ ಬಿಟ್ಟು ಹೊರಗೆ ಬಂದೆ.

ಕೆಲವು ವಾರ ಸುಮ್ಮನಿದ್ದೆ. ಆದರೆ ಕಾಲುವೆ ಸುಮ್ಮನಿರಬೇಕಲ್ಲ. ಆಫೀಸಿಗೆ ಹೋಗುವ ದಾರಿಯ ಪಕ್ಕದಲ್ಲೇ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಡ್ರೈವರ್ ಸೋಮವಾರ ಬೆಳಿಗ್ಗೆ ಬಂದು ಭಾನುವಾರದ ಮೀನಿನ ಉದ್ದವನ್ನು ಮೊಳಕೈ ತನಕ ತೋರಿಸುತ್ತಿದ್ದ. "ಬರ್ರಿ ಸಾಹೇಬ್ರ, ಸುಮ್ನ ಕೂತು ಹೋಗ್ರಿ" ಎನ್ನುತ್ತಿದ್ದ. ಗಾಳವಿಲ್ಲದೆ ಕೂಡುವುದಕ್ಕೆ ನಾನೇನು ಸನ್ಯಾಸಿಯೇ? ಮನೆಗೆ ಬಂದು ಮಾತುಮಾತಿಗೆ ಸಿಡುಕುತ್ತಿದ್ದೆ. ಒಂದು ಸಂಜೆ, ಗುಳಿಗೆ ನುಂಗಿದೆಯಾ ಎಂದು ಅವ್ವ ಕೇಳಿದ್ದೇ ನೆಪವಾಯಿತು.

"ದುರಗಮ್ಮಗ ಕೊಡೋದಾದ್ರ ನಿಂದು ಕೊಡಬೇಕಿತ್ತು! ನಂದ್ಯಾಕ ಕೊಟ್ಟಿ?"

ಅವ್ವ ನೀರಿನ ಚರಿಗೆಯನ್ನು ನನ್ನ ಮುಂದೆ ಇಟ್ಟಳು.

"ನಿನಗ ಡಾಕ್ಟರ್ ಇದ್ದ, ಸೂಜಿ ಇತ್ತು, ಗುಳಗಿ ಇದ್ವು. ವರಾಂಡದಾಗ ಕೂತಾಕಿಗಿ ನನಗೇನಿತ್ತು? ಆಕಿ ಕಾಲು ಹಿಡಕೊಂಡೆ. ಬಾಯಿಗಿ ಬಂದದ್ದು ಅಂದೆ."

ಅವಳ ಮಾತು ನಿಜ ಅನ್ನಿಸಿದ್ದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಮುಂದಿನ ಭಾನುವಾರ ಅವಳ ಎದುರಿಗೇ ಚಪ್ಪಲಿ ಮೆಟ್ಟಿಕೊಂಡು, ಕಾಲುವೆಗೆ ಹೊರಟಿದ್ದೇನೆ ಎಂದು ಹೇಳಿಯೇ ಹೊರಟೆ.

ಡ್ರೈವರ್ ತನ್ನ ಹತ್ತಿರ ಇದ್ದ ಇನ್ನೊಂದು ಕೋಲು ಕೊಟ್ಟ. ಗೇಟಿನ ಕೆಳಗೆ ನೀರು ಧುಮುಕಿ, ನೊರೆ ಕರಗಿ, ಸಮಾಧಾನವಾಗುವ ಜಾಗದಲ್ಲಿ ಕೂತೆವು. ಎರೆಹುಳು ಚುಚ್ಚುವಾಗ ಬೆರಳು ಮೊದಲಿನಷ್ಟು ಚುರುಕಿರಲಿಲ್ಲ. ಔಷಧದಿಂದ ತುದಿಗಳು ಇನ್ನೂ ಜೋಮು ಹಿಡಿದಂತೆ ಇದ್ದವು. ಆದರೂ ದಾರ ಬಿದ್ದು, ಬೆಂಡು ನೆಟ್ಟಗೆ ನಿಂತಾಗ ಎದೆ ತುಂಬಿ ಬಂತು. ಬಿಸಿಲಿಗೆ ಬೆನ್ನು ಕಾಯುತ್ತಿತ್ತು. ಬದುಕಿದ್ದೇನೆ ಎಂದು ಯಾರೂ ಹೇಳಿಕೊಡದೆಯೇ ಗೊತ್ತಾಯಿತು.

ಬೆಂಡು ಮುಳುಗಿತು. ಎಳೆದೆ. ಅಂಗೈ ಅಗಲದ ಜಿಲೇಬಿ ಮೀನು, ದಂಡೆಯ ಮೇಲೆ ಬಿದ್ದು ಪಟಪಟ ಬಡಿದುಕೊಂಡಿತು. ಬಿಡಿಸಲು ಕೈಗೆ ತೆಗೆದುಕೊಂಡರೆ ಗಾಳದ ಮುಳ್ಳು ಅದರ ದವಡೆಯ ಕೆಳಗೆ ನಾಟಿತ್ತು. ನನ್ನ ಎಡಗೈ ತಾನಾಗಿಯೇ ಮೇಲೆ ಹೋಗಿ ನನ್ನ ದವಡೆಯ ಕೆಳಗೆ ಗಂಟು ಹುಡುಕತೊಡಗಿತು. ಇಲ್ಲ. ಮತ್ತೆ ಹುಡುಕಿತು. ಇಲ್ಲ. ಆದರೂ ಮೈಯೆಲ್ಲ ಬೆವರಿತು. ಹರಕೆ ಮುರಿದೆ, ಇನ್ನು ಅದು ಮರಳಿ ಬರುತ್ತದೆ ಎಂದು ಒಳಗೆ ಯಾರೋ ಹೇಳುತ್ತಿದ್ದರು. ಆ ದನಿ ಅವ್ವನದಲ್ಲ, ನನ್ನದೇ. ಊರಿಗೆಲ್ಲ ಬುದ್ಧಿ ಹೇಳುವ ನಾನು ಒಂದು ಮೀನು ಕೈಯಲ್ಲಿ ಹಿಡಿದು ಮೂರನೆಯ ಸಲ ಕುತ್ತಿಗೆ ಒತ್ತಿ ನೋಡಿಕೊಂಡೆ. ಮುಳ್ಳು ಬಿಡಿಸಿ ಮೀನನ್ನು ನೀರಿಗೆ ಬಿಟ್ಟುಬಿಟ್ಟೆ.

"ಯಾಕ್ರಿ ಸಾಹೇಬ್ರ, ಸಣ್ಣದಾಯ್ತೇನು?"

"ಹ್ಞೂಂ, ಸಣ್ಣದು" ಎಂದೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. ನನ್ನ ಖಾಲಿ ಕೈ ನೋಡಿದಳು.

"ಹತ್ತಲಿಲ್ಲೇನು?"

"ಹತ್ತಿತ್ತು. ಬಿಟ್ಟೆ."

ಉಣ್ಣುವಾಗ, ಪೇಪರ್ ಓದುವಾಗ, ರೇಡಿಯೋ ಕೇಳುವಾಗ ನನ್ನ ಕೈ ಕುತ್ತಿಗೆಗೆ ಹೋಗುತ್ತಲೇ ಇತ್ತು. ಪ್ರತಿ ಸಲವೂ ಅವಳ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು. ಮಗ ದುರಗಮ್ಮನನ್ನು ನಂಬದಿದ್ದರೂ ಅವಳಿಗೆ ಹೆದರಿದ್ದಾನೆ ಎಂಬುದು ಅವ್ವನಿಗೆ ತಿಳಿದುಹೋಯಿತು.

ಮರುದಿನ ನಾನು ಏಳುವಷ್ಟರಲ್ಲಿ ಅವ್ವ ಇರಲಿಲ್ಲ.

"ಅತ್ತಿ ದೇವಾಪುರಕ್ಕ ಹೋಗ್ಯಾರ. ಟೆಂಗಿನಕಾಯಿ ತಗೊಂಡು ಮೊದಲನೇ ಬಸ್ಸಿಗೇ ಹೋದ್ರು" ಎಂದಳು ಹೆಂಡತಿ.

ಶಹಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಸುರಪುರಕ್ಕೆ ಒಂದು, ಆಮೇಲೆ ಸಿಕ್ಕ ಟೆಂಪೊ. ಮೊಣಕಾಲು ನೋವಿನ ಮುದುಕಿ ದೀಪ ಹಚ್ಚುವ ಹೊತ್ತಿಗೆ ಹಣೆಯ ತುಂಬ ಭಂಡಾರ ಬಳಿದುಕೊಂಡು ವಾಪಸು ಬಂದಳು. ಜಗುಲಿಯ ಮೇಲೆ ಕಾಲು ಚಾಚಿ ನೀರು ಕುಡಿದು ಹೇಳಿದಳು:

"ಮಾತಾಡಿ ಬಂದೀನಿ. ಆಕಿ ಒಪ್ಯಾಳ. ನಿನ್ನ ಗಾಳ ನಿನಗ ಬಿಟ್ಟಾಳ. ಹೋಗು, ಹಿಡಿ."

"ಪುಕ್ಕಟೆ ಬಿಟ್ಟಳೇನು?" ಎಂದು ಛೇಡಿಸಿದೆ.

"ನಮ್ಮಿಬ್ಬರದು ಏನೋ ಅದ. ನಂಬದವಗ ಆ ಸುದ್ದಿ ಯಾಕ?"

ನಂಬದವನಾದರೂ ನನ್ನ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ನಾಚಿಕೆಯೂ ಆಯಿತು. ಅಂದು ರಾತ್ರಿ ಗಡದ್ದಾಗಿ ನಿದ್ದೆ ಮಾಡಿದೆ.

ಆ ವಾರದ ಭಾನುವಾರ ಗಾಳ ಹಾಕುವಾಗ ಕೈ ಕುತ್ತಿಗೆಗೆ ಹೋಗಲಿಲ್ಲ. ಒಂದು ಒಳ್ಳೆಯ ರೋಹು ಹತ್ತಿತು. ದಂಡೆಗುಂಟ ಅದನ್ನು ತೂಗಿಸಿಕೊಂಡು, ಬೇಕೆಂದೇ ಕ್ಯಾಂಪಿನ ನಡುವಿನ ದಾರಿ ಹಿಡಿದು ಬಂದೆ. ಕ್ಯಾಷಿಯರ್ ತನ್ನ ಮನೆಯ ಮುಂದೆ ನಿಂತಿದ್ದವನು ಮೀನು ನೋಡಿ, "ಕೆಲಸ ನಮ್ಮ ಮ್ಯಾಲ ಹಾಕಿ ಮೀನ ಹಿಡಿಯಾಕತ್ತಿರೇನು? ನಾಳಿಗಿ ಬಿಲ್ ಎಲ್ಲ ನೀವೇ ಬರೀರಿ" ಎಂದು ಗದರಿದ. ಆ ಗದರಿಕೆ ನನಗೆ ಎಷ್ಟು ಹಿತವಾಯಿತೆಂದು ಅವನಿಗೆ ಈಗಲೂ ಗೊತ್ತಿಲ್ಲ.

ಅವ್ವ ತಾನೇ ಮೀನಿನ ಹುರುಪೆ ತೆಗೆದು ಸೋಸಿದಳು. ಹುಣಸೆಹುಳಿ, ಬೆಳ್ಳುಳ್ಳಿ, ಕೆಂಪುಖಾರ ಹಾಕಿ ಕುದಿಸಿದಳು. ರುಚಿ ನೋಡಲು ಸೊಸೆಯನ್ನು ಕರೆದಳು. ನಾನು ಉಣ್ಣಲು ಕೂತೆ. ನನ್ನ ತಾಟಿಗೆ ನಡುವಿನ ತುಂಡು ಬಂತು, ಹೆಂಡತಿಯ ತಾಟಿಗೆ ತಲೆ ಬಿತ್ತು. ನಾನು ತಲೆ ಎತ್ತಿ ನೋಡಿದೆ. ನಮ್ಮ ಮನೆಯಲ್ಲಿ ಮೀನಿನ ತಲೆ ಅವ್ವನಿಗೆ ಬಿಟ್ಟು ಇನ್ನೊಬ್ಬರಿಗೆ ಹೋದದ್ದಿಲ್ಲ. ಮೀನೆಂದರೆ ಅವಳಿಗೆ ಅಷ್ಟು ಪ್ರಾಣ. ತಲೆಯನ್ನು ಚೀಪಿ ಚೀಪಿ, ಕೊನೆಗೆ ಬೆರಳು ಬೆರಳೂ ನೆಕ್ಕಿ ಏಳುವವಳು. ಈಗ ಅವಳ ತಾಟಿನಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ.

"ಯವ್ವಾ, ನಿನಗ?"

"ನನಗ ಬ್ಯಾಡ."

"ಯಾಕ?"

"ನೀನೇ ಅಂದ್ಯಲ್ಲಪ್ಪಾ, ಕೊಡೋದಾದ್ರ ನಿಂದು ಕೊಡು ಅಂತ. ಖರೇ ಅನಸ್ತು. ಕೊಟ್ಟು ಬಂದೆ."

ಎಲ್ಲಿಯ ತನಕ ಎಂದು ಕೇಳಿದೆ. ಅವಳು ನಕ್ಕಳು, ಇದೆಂಥ ಪ್ರಶ್ನೆ ಎನ್ನುವ ಹಾಗೆ. ನಾನು ಸಿಟ್ಟಿನಲ್ಲಿ ಅಂದದ್ದು ಯವ್ವಾ, ಆ ಮಾತು ಬಿಟ್ಟುಬಿಡು ಎಂದೆ. ನಾಳೆಯೇ ಹೋಗಿ ಆ ದುರಗಮ್ಮನ ಹತ್ತಿರ ನಾನೇ ಮಾತಾಡುತ್ತೇನೆ ಎಂದೆ. ನೀನು ಮಾತಾಡಿದರೆ ಅವಳು ಕೇಳುವುದಿಲ್ಲ, ನಿನ್ನ ಪರಿಚಯ ಇಲ್ಲ ಅಂದಳು. ಹೆಂಡತಿ ತಾಟು ಮುಂದಿಟ್ಟುಕೊಂಡು ಅಳುತ್ತಿದ್ದಳು. ನಾನು ಎತ್ತಿದ ತುತ್ತನ್ನು ತಾಟಿಗೇ ಬಿಟ್ಟೆ. ಕೈ ಹಾಗೆಯೇ ಇಟ್ಟುಕೊಂಡು ಕೂತೆ.

ಅವ್ವ ಸರಿದು ನನ್ನ ಪಕ್ಕಕ್ಕೆ ಬಂದು, ನನ್ನ ತಾಟಿನ ಮೀನನ್ನು ತನ್ನ ಕೈಯಿಂದ ಬಿಡಿಸಿ, ಒಂದೊಂದೇ ಮುಳ್ಳು ಹುಡುಕಿ ತೆಗೆದು ಬದಿಗಿಟ್ಟಳು.

"ಉಣ್ಣು. ಆರಾಕತ್ತದ."

ನಾನು ಉಂಡೆ. ತಾಟು ಖಾಲಿಯಾಗುವ ತನಕ ಅವಳು ಅಲ್ಲಿಂದ ಏಳಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ, ಬೂದಿ ಹಚ್ಚಿ ಕೈ ಉಜ್ಜಿ ಉಜ್ಜಿ ತೊಳೆದುಕೊಂಡು, ಮೂಸಿ ನೋಡಿ, ಇನ್ನೊಮ್ಮೆ ತೊಳೆದುಕೊಂಡು ಬಂದು, ತನ್ನ ರೊಟ್ಟಿ ಮುರಿದಳು.