ಎರಡೂ ಎಡತೋಳು

ಹೊಸಕೆರೆಹಳ್ಳಿ ಬೋರಣ್ಣ ಶಾಂತಲಾ, ವಯಸ್ಸು ನಲವತ್ತಮೂರು. ತಂದೆ ಬೋರಣ್ಣನವರು ಕೆರೆಯ ಕೆಳಗಿನ ತೋಟದಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ತೋಟ ಹೋಗಿ ಬಡಾವಣೆ ಬಂದ ಮೇಲೆ, ಉಳಿದ ಒಂದು ಸೈಟಿನಲ್ಲಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿ, ಬೆಳಿಗ್ಗೆ ಸಂಜೆ ಅವುಗಳ ನೀರಿನ ಮೋಟಾರು ಹಾಕುತ್ತಲೇ ಕಾಲವಾದರು. ತಾಯಿ ಮುನಿಲಕ್ಷ್ಮಮ್ಮ ಇದ್ದಾರೆ. ಗಂಡ ಕರೆಪ್ಪ ಬಸ್ ಚಾಲಕ. ಒಬ್ಬಳೇ ಮಗಳು ಹೇಮಶ್ರೀ, ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ಜಯನಗರದ ಒಂದು ಸಂಜೆ ಕಾಲೇಜಿನಲ್ಲಿ ಬಿ.ಎ. ಅಂತಿಮ ವರ್ಷದಲ್ಲಿರುವ ತಾಯಿಯನ್ನು ಆಕೆ ಕರೆಯುವುದು ‘ಸೀನಿಯರ್’ ಎಂದು.

ಶಾಂತಲಾ ಮೊದಲ ಸಲ ಬಿ.ಎ. ಸೇರಿದ್ದು ಹದಿನೆಂಟನೆಯ ವಯಸ್ಸಿನಲ್ಲಿ. ಮೊದಲ ವರ್ಷದ ಹಾಲ್ ಟಿಕೆಟ್ ಕೈಗೆ ಬಂದ ವಾರವೇ ಮದುವೆ ನಿಶ್ಚಯವಾಯಿತು. ಆ ಹಾಲ್ ಟಿಕೆಟ್ಟನ್ನು ಆಕೆ ಬಳಸಲೂ ಇಲ್ಲ, ಎಸೆಯಲೂ ಇಲ್ಲ. ಬೀರುವಿನಲ್ಲಿ ಧಾರೆ ಸೀರೆಯ ಮಡಿಕೆಯೊಳಗೆ ಇಟ್ಟಳು. ನಲವತ್ತರಲ್ಲಿ ಮತ್ತೆ ಸೇರಿದಾಗ ನೆಂಟರು ನಕ್ಕರು. ಐದು ಸೆಮಿಸ್ಟರುಗಳಲ್ಲಿ ಒಂದು ವಿಷಯವೂ ಉಳಿಯದಂತೆ ಪಾಸಾದ ಮೇಲೆ ಅವರು ನಗುವುದನ್ನು ಬಿಟ್ಟು, ಸುಮ್ಮನೆ ಬೇರೆ ಮಾತಿಗೆ ಹೊರಳತೊಡಗಿದರು.

ಆಕೆಯ ಅನ್ನದ ದಾರಿ ಜಯನಗರ ನಾಲ್ಕನೆಯ ಬ್ಲಾಕಿನ ಹಿಂದಿನ ರಸ್ತೆಯಲ್ಲಿ, ಚೂಡಾಮಣಿಯವರ ರವಿಕೆ ಹೊಲಿಯುವ ಅಂಗಡಿಯಲ್ಲಿ. ಹತ್ತೊಂಬತ್ತು ವರ್ಷಗಳ ಕೆಳಗೆ ಹೆಮ್ಮಿಂಗ್ ಮಾಡಲು ಸೇರಿದವಳು, ಹೊಲಿಗೆ ಯಂತ್ರ ದಾಟಿ, ಕಟಿಂಗ್ ಟೇಬಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಆ ಅಂಗಡಿಯಲ್ಲಿ ಕಟಿಂಗ್ ಟೇಬಲ್ಲೇ ಪದವಿ. ಹೊಲಿಗೆ ಕೆಟ್ಟರೆ ಬಿಚ್ಚಬಹುದು. ಕತ್ತರಿಸಿದ್ದನ್ನು ಯಾರೂ ಮತ್ತೆ ಸೇರಿಸಲಾರರು. ಅಲ್ಲಿ ಕತ್ತರಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ಜಗಳವಾಗುತ್ತದೆಂದು. ಕೊಡುವವರು ಟೇಬಲ್ಲಿನ ಮೇಲೆ ಇಡಬೇಕು, ಬೇಕಾದವರು ಅಲ್ಲಿಂದ ತೆಗೆದುಕೊಳ್ಳಬೇಕು. ಮೊದಲ ದಿನವೇ ಚೂಡಾಮಣಿಯವರು ಅದನ್ನು ಕಲಿಸಿದ್ದರು. ಕಾಲೇಜಿನ ಅರ್ಜಿ ತುಂಬಿಸಿದವರೂ ಅವರೇ. ತಮ್ಮ ಕಟರ್ ಪದವೀಧರೆಯಾಗುತ್ತಾಳೆಂದು ಬಂದವರಿಗೆಲ್ಲ ಹೇಳುತ್ತ, ಐದು ಸೆಮಿಸ್ಟರಿನ ಉದ್ದಕ್ಕೂ ಸಂಜೆ ಐದಕ್ಕೆ ಆಕೆಯನ್ನು ಬಿಟ್ಟುಕೊಟ್ಟಿದ್ದರು.

ಆರನೆಯ ಸೆಮಿಸ್ಟರಿನ ವೇಳಾಪಟ್ಟಿ ಫೆಬ್ರವರಿಯ ಒಂದು ಶುಕ್ರವಾರ ಫೋನಿಗೆ ಬಂದಿತು. ಸೋಮವಾರದಿಂದ ತರಗತಿ ನಾಲ್ಕೂವರೆಗೆ. ಶನಿವಾರ ಮಧ್ಯಾಹ್ನವೆಲ್ಲ ಪ್ರಾಜೆಕ್ಟ್ ಕೆಲಸ. ಹಾಜರಾತಿ ಕಡಿಮೆಯಾದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲವೆಂದು ರಾಮಪ್ರಸಾದ ಮೇಷ್ಟ್ರು ಕೆಳಗೆ ಬರೆದಿದ್ದರು. ಮಾಘದ ಮದುವೆಗಳು ತಲೆಯ ಮೇಲಿದ್ದವು. ಚೂಡಾಮಣಿಯವರು ವೇಳಾಪಟ್ಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದರು.

“ಈ ಸಲ ಬಿಟ್ಬಿಡು ಶಾಂತಲಾ. ಮುಂದಿನ ವರ್ಷ ಕೂತ್ಕೊಂಡ್ರಾಯ್ತು. ಯುಗಾದಿಗೆ ಜೆ.ಪಿ. ನಗರದಲ್ಲಿ ಇನ್ನೊಂದು ಅಂಗಡಿ ತೆಗೀತಿದ್ದೀನಿ, ಅದನ್ನ ನೀನೇ ನೋಡ್ಕೋ. ಪೂರ್ತಿ ನಿಂದೇ ಜವಾಬ್ದಾರಿ. ಸೋಮವಾರ ಹೇಳು.”

ಅದು ಬೆದರಿಕೆಯಾಗಿದ್ದರೆ ಆಕೆ ನಿಂತಲ್ಲೇ ಉತ್ತರ ಕೊಡುತ್ತಿದ್ದಳು. ಆದರೆ ಅವರು ಮುಂದೆ ಇಟ್ಟದ್ದು, ಒಂದು ಅಂಗಡಿಯನ್ನು ತಾನೇ ನಡೆಸಬೇಕೆಂದು ಹನ್ನೊಂದು ವರ್ಷದಿಂದ ಆಕೆ ಮನಸ್ಸಿನಲ್ಲಿಟ್ಟುಕೊಂಡ ಆಸೆಯನ್ನೇ.

ಶನಿವಾರ ಅಂಗಡಿಯಿಂದ ಬಂದ ಮೇಲೆ, ಭಾನುವಾರವೂ ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಜರಡಿ ಹಿಡಿದ ರಾಗಿ ಹಿಟ್ಟಿಗೆ ಮತ್ತೆ ಜರಡಿ ಹಿಡಿದಳು. ಒಣಗದ ಬಟ್ಟೆ ನೋಡಲು ನಾಲ್ಕು ಸಲ ಮಹಡಿ ಹತ್ತಿಳಿದಳು. ಪುಸ್ತಕ ತೆರೆದರೆ ಜೆ.ಪಿ. ನಗರದ ಅಂಗಡಿಯ ಬೋರ್ಡು, ಬೋರ್ಡನ್ನು ಕಲ್ಪಿಸಿಕೊಂಡರೆ ಬೀರುವಿನೊಳಗಿನ ಹಾಲ್ ಟಿಕೆಟ್ಟು. ಕರೆಪ್ಪನನ್ನು ಕೇಳಿದ್ದಕ್ಕೆ ನಿನಗೆ ಹೇಗೆ ಸರಿಯೋ ಹಾಗೆ ಮಾಡು ಎಂದ. ಅಷ್ಟು ಒಳ್ಳೆಯ ಮಾತಿಗೆ ಆಕೆ ಅವನ ಮೇಲೆ ಸಂಜೆಯವರೆಗೂ ಸಿಡುಕಿದಳು. ಮುನಿಲಕ್ಷ್ಮಮ್ಮ ಮಾತ್ರ ಅವರೆಕಾಯಿ ಬಿಡಿಸುತ್ತ ನೇರವಾಗಿ ಅಂದರು: “ಓದಿದ್ರೂ ಅದೇ ಕತ್ರಿ ತಾನೆ ಕಣೆ ಹಿಡಿಯೋದು? ಅಂಗ್ಡಿ ಕೊಡ್ತೀನಿ ಅಂತಾವ್ರೆ, ಸುಮ್ನೆ ಈಸ್ಕೊ.”

ಸೋಮವಾರ ಬೆಳಿಗ್ಗೆ ಚೂಡಾಮಣಿಯವರು ಕಣ್ಣಲ್ಲೇ ಕೇಳಿದರು. ಮಧ್ಯಾಹ್ನ ಹೇಳುವೆನೆಂದು ಶಾಂತಲಾ ಟೇಪನ್ನು ಕೊರಳಿಗೆ ಹಾಕಿಕೊಂಡಳು. ಶ್ರೀನಗರದ ಮದುಮಗಳೊಬ್ಬಳ ಧಾರೆ ರವಿಕೆ ಮೇಜಿನ ಮೇಲಿತ್ತು. ಬಟ್ಟೆ ಸೀರೆಯದೇ, ತೋಳಿಗೆ ಜರಿಯಂಚು ಬರಬೇಕು. ಅಂಚಿನ ಬಟ್ಟೆ ಎರಡು ತೋಳಿಗಷ್ಟೇ ಇದ್ದುದರಿಂದ, ಮಡಿಸಿ ಜೋಡಿಯಾಗಿ ಕತ್ತರಿಸಲಾಗದೆ, ಕಾಗದದ ಅಚ್ಚಿಟ್ಟು ಒಂದೊಂದಾಗಿ ಕತ್ತರಿಸಬೇಕಿತ್ತು. ಒಂದು ತೋಳಾದ ಮೇಲೆ ಅಚ್ಚನ್ನು ಮಗುಚಿ ಇಡಬೇಕು. ಕಂಕುಳ ಬಳಿ ತುಸು ಆಳವಾಗಿ ಕತ್ತರಿಸುವ ಮುಂಭಾಗದ ಕುಳಿ ಎರಡೂ ತೋಳಲ್ಲಿ ಎದೆಯ ಕಡೆಗೇ ಬರಬೇಕಲ್ಲ. ಸಾವಿರಾರು ಸಲ ಮಗುಚಿದ ಅಚ್ಚನ್ನು ಆ ದಿನ ಆಕೆ ಮಗುಚಲಿಲ್ಲ.

ಮೊದಲು ಕಂಡದ್ದು ಹೊಲಿಗೆ ಯಂತ್ರದ ಮುಂದಿದ್ದ ಶಿವಬಸಮ್ಮನಿಗೆ. ಆರು ವರ್ಷಗಳಿಂದ ಶಾಂತಲಾಳ ಕೈಕೆಳಗೆ ಕಲಿತವಳು; ಹೇಳಲು ಅವಳಿಗೇ ಸಂಕೋಚವಾಗಿ ಧ್ವನಿ ತಗ್ಗಿಸಿದಳು.

“ಅಕ್ಕ, ಇದನ್ನೊಂದ್ಸಲ ನೋಡಿ. ಎರಡೂ ಎಡಗೈಗೇ ಕೂರ್ತವೆ.”

ಶಾಂತಲಾ ನೋಡಿದಳು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು. ನೆರಿಗೆ ಕೊಟ್ಟು ಎಳೆದು ಕೂರಿಸಿದರೆ ಸೆರಗಿನಡಿ ಯಾರಿಗೂ ತಿಳಿಯದೆಂದು ಶಿವಬಸಮ್ಮ ಪಿಸುಗುಟ್ಟಿದಳು. ತಾಳಿ ಕಟ್ಟಿಸಿಕೊಳ್ಳುವಾಗ ಆ ಹುಡುಗಿಗೆ ಕಂಕುಳು ಹಿಡಿಯುತ್ತದೆ, ಅವಳಿಗೆ ತಿಳಿಯುತ್ತದೆ ಎಂದು ಶಾಂತಲಾ ಅವಳ ಬಾಯಿ ಮುಚ್ಚಿಸಿದಳು. ಅಷ್ಟರಲ್ಲಿ ಚೂಡಾಮಣಿಯವರು ಎದ್ದುಬಂದಿದ್ದರು. ಅವರು ಗದರಲಿಲ್ಲ.

“ಕಾಲೇಜು ಇನ್ನೂ ಶುರುವಾಗಿಲ್ಲ. ಆಗ್ಲೇ ಒಂದು ತೋಳು ಹೋಯ್ತು.”

ಆ ಮಾತು ಚುಚ್ಚಿತು. ಚುಚ್ಚಿದ್ದಕ್ಕೇ ಆಕೆಗೆ ಒಂದು ಸಂಗತಿ ಸ್ಪಷ್ಟವಾಯಿತು. ಐದು ಸೆಮಿಸ್ಟರ್ ಓದುತ್ತಲೇ ಕತ್ತರಿಸಿದ್ದಳು, ಒಂದು ಎಳೆಯೂ ಕೆಟ್ಟಿರಲಿಲ್ಲ. ಕೈ ತಪ್ಪಿದ್ದು ಈ ಮೂರು ದಿನ, ಹೌದು ಎನ್ನದೆ, ಇಲ್ಲ ಎನ್ನದೆ ಅಲೆದಾಡಿದ ದಿನಗಳಲ್ಲಿ. ಈಗ ಬಿಟ್ಟರೆ ಮುಂದಿನ ವರ್ಷ ಇನ್ನೊಂದು ಮಾಘ ಬರುತ್ತದೆ, ಇನ್ನೊಂದು ಅಂಗಡಿ ಬರುತ್ತದೆ. ಬೀರುವಿನಲ್ಲಿ ಇನ್ನೊಂದು ಕಾಗದ ಸೇರುತ್ತದೆ.

ಆಕೆ ಮೊದಲು ಮದುಮಗಳ ತಾಯಿಗೆ ತಾನೇ ಫೋನ್ ಮಾಡಿದಳು. ತಪ್ಪು ತನ್ನದೆಂದೂ, ಸೀರೆಯ ಒಳತುದಿಯಿಂದ, ಸೊಂಟಕ್ಕೆ ಸಿಕ್ಕಿಸುವ ಕಡೆಯಿಂದ, ಒಂದೂವರೆ ಗೇಣು ಅಂಚು ತೆಗೆದು ಅಲ್ಲಿಗೆ ಅದೇ ಬಣ್ಣದ ಬಟ್ಟೆ ಸೇರಿಸಿಕೊಡುವೆನೆಂದೂ, ಒಪ್ಪದಿದ್ದರೆ ಕತ್ತರಿ ಮುಟ್ಟುವುದಿಲ್ಲವೆಂದೂ ಹೇಳಿದಳು. ಆ ತಾಯಿ ಎರಡೆರಡು ಸಲ ಕೇಳಿ ತಿಳಿದುಕೊಂಡು, ಉಟ್ಟಾಗ ಕಾಣಿಸದಿದ್ದರೆ ಸರಿ ಎಂದರು. ಸೆರಗಿಗೆ ಕುಚ್ಚು ಹಾಕಿಸಲು ಕೊಟ್ಟಿದ್ದ ಸೀರೆ ಅಂಗಡಿಯಲ್ಲೇ ಇತ್ತು.

ಫೋನಿಟ್ಟ ಶಾಂತಲಾ ಕತ್ತರಿ ಎತ್ತಿಕೊಳ್ಳುವ ಮೊದಲು ಚೂಡಾಮಣಿಯವರ ಕಡೆ ತಿರುಗಿದಳು.

“ಮೇಡಂ, ಈ ತೋಳು ಮುಗಿಸಿ ನಾಲ್ಕಕ್ಕೆ ಹೊರಡ್ತೀನಿ. ಸೆಮಿಸ್ಟರ್ ಬಿಡಲ್ಲ.”

“ಸೀಸನ್ನಲ್ಲಿ ಅರ್ಧ ದಿನದ ಕಟರ್ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ ಶಾಂತಲಾ. ಟೇಬಲ್ಲು ಶಿವಬಸಮ್ಮಂಗೆ ಹೋಗತ್ತೆ. ಜೆ.ಪಿ. ನಗರದ್ದೂ ಬೇರೆಯವರ್ಗೇ.”

“ಗೊತ್ತು ಮೇಡಂ.”

ಚೂಡಾಮಣಿಯವರು ತಮ್ಮ ಜಾಗಕ್ಕೆ ಹೋಗಿ ಕುಳಿತರು. ಶಾಂತಲಾ ಊಟಕ್ಕೆ ಹೋಗಲಿಲ್ಲ. ಸೀರೆಯ ಒಳತುದಿಯನ್ನು ಹರಡಿ, ಅಚ್ಚನ್ನು ಮಗುಚಿ ಇಟ್ಟು, ಅಂಗೈಯಿಂದ ಒತ್ತಿ, ಬಲತೋಳನ್ನು ಕತ್ತರಿಸಿದಳು. ಕತ್ತರಿ ಒಂದೇ ಎಳೆತದಲ್ಲಿ ಹೋಯಿತು. ಸೀರೆಗೆ ತುಂಡು ಸೇರಿಸಿ, ಇಸ್ತ್ರಿ ಮಾಡಿದಳು. ಶಿವಬಸಮ್ಮ ಅಭ್ಯಾಸ ಮರೆತು ಕತ್ತರಿಗೆ ಕೈ ಚಾಚಿದಳು. ಶಾಂತಲಾ ಅದನ್ನು ಮೇಜಿನ ಮೇಲಿಟ್ಟು, ಹಿಡಿಯನ್ನು ಅವಳ ಕಡೆಗೆ ತಿರುಗಿಸಿದಳು.

ತರಗತಿಯಲ್ಲೂ ಆಕೆಗೆ ನೆಮ್ಮದಿಯಿರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತು, ಎದ್ದು, ಮೊದಲ ಬೆಂಚಿಗೆ ಬಂದಳು. ಹೊಸ ಕೆಲಸ ಎಲ್ಲಿ ಹುಡುಕುವುದು, ಮನೆಯಲ್ಲಿ ಹೇಗೆ ಹೇಳುವುದು, ಒಂದೂ ಗೊತ್ತಿರಲಿಲ್ಲ. ರಾಮಪ್ರಸಾದ ಮೇಷ್ಟ್ರು ಹೆಸರನ್ನು ಪೂರ್ತಿ ಕೂಗುವ ಮೊದಲೇ ಹಾಜರ್ ಎಂದುಬಿಟ್ಟಳು. ಇಡೀ ತರಗತಿ ನಕ್ಕಿತು, ಆಕೆ ನಗಲಿಲ್ಲ.

ಅಂಗಡಿಯಲ್ಲಿ ಆಕೆ ಬಿಟ್ಟುಹೋದವು:

ಹತ್ತು ಅಂಗುಲದ ಕತ್ತರಿ, ಆ ವಾರವಷ್ಟೇ ಸಾಣೆ ಹಿಡಿಸಿದ್ದು.

ಸವೆದ ನೀಲಿ ಸೀಮೆಸುಣ್ಣ ಮೂರು ಚೂರು.

ಇಪ್ಪತ್ತೆಂಟರಿಂದ ನಲವತ್ತೆರಡರವರೆಗಿನ ಅಳತೆಗಳ ಕಾಗದದ ಅಚ್ಚುಗಳು. ಪ್ರತಿ ತೋಳಿನ ಅಚ್ಚಿನ ಮೇಲೂ ಅಂದು ಮಧ್ಯಾಹ್ನ ಕೆಂಪು ಶಾಯಿಯಲ್ಲಿ ಹೊಸದಾಗಿ ಬರೆದದ್ದು: ‘ಮಗುಚು’.

ಮೇಜಿನ ಅಂಚಿನಲ್ಲಿ, ಒರಗಿ ನಿಂತು ನಿಂತು ಬಣ್ಣ ಹೋದ ಒಂದು ಗೇಣು ಜಾಗ.

ಜರಿಯಂಚಿನ ಒಂದು ಎಡತೋಳು, ಯಾರಿಗೂ ಬೇಡವಾದದ್ದು.

ಮುಚ್ಚಳ ತೆಗೆಯದ ಟಿಫನ್ ಡಬ್ಬಿ. ಅದರಲ್ಲಿ ಚಿತ್ರಾನ್ನ.