ಚಳಿಗೆ ದುಡ್ಡು ಕೊಡದ ಮೈರನ್

ನಮ್ಮೂರು ಬ್ರೆನ್‌ವೋಲ್ಡಿನಲ್ಲಿ ಜೋಸಿ ತನ್ನ ಕಾಫಿ ಅಂಗಡಿಯ ಬಾಗಿಲನ್ನು ಬೆಳಿಗ್ಗೆ ಏಳಕ್ಕೆ ತೆಗೆದರೆ ಎಂಟರೊಳಗೆ ಕೆನಡಾ ಸರ್ಕಾರ ಬಿದ್ದುಹೋಗಿರುತ್ತಿತ್ತು. ಬೀಳಿಸುತ್ತಿದ್ದವನು ಮೈರನ್ ದ್ರೆಬಿಟ್. ಗೋಧಿ ಹೊಲವನ್ನು ಅಣ್ಣನ ಮಗನಿಗೆ ವಹಿಸಿಕೊಟ್ಟ ಮೇಲೆ ಅವನಿಗೆ ಬೆಳಗಿನ ಹೊತ್ತು ಬೇರೆ ಕೆಲಸವಿರಲಿಲ್ಲ. ಟ್ರ್ಯಾಕ್ಟರಿನ ಸದ್ದಿನ ಮೇಲೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು ಅದು. ಕಿಟಕಿಯ ಪಕ್ಕದ ಉದ್ದ ಮೇಜಿನಲ್ಲಿ ಕೂತು ಅವನು ಪಿಸುಗುಟ್ಟಿದರೂ ರಸ್ತೆಯಾಚೆಯ ಧಾನ್ಯದ ಗೋದಾಮಿನವರಿಗೆ ಕೇಳಿಸುತ್ತಿತ್ತು.

"ಒಟ್ಟಾವಾ ಅಂದ್ರೆ ಏನು? ಕಣಜಕ್ಕೆ ಬಿದ್ದ ಹೆಗ್ಗಣ!" ಎಂದು ರಾಜಧಾನಿಯನ್ನು ಬೈದು ಅವನು ದಿನಕ್ಕೊಮ್ಮೆಯಾದರೂ ಮೇಜು ಗುದ್ದಬೇಕು. ಗುದ್ದಿದಾಗ ಎದುರು ಕೂತ ಹ್ಯಾಲ್ವರ್ ಫಾಸಮ್ ತನ್ನ ಕಪ್ಪನ್ನು ಎತ್ತಿ ಹಿಡಿದುಕೊಳ್ಳಬೇಕು. ಇದು ಇಬ್ಬರ ನಡುವೆ ಮಾತಿಲ್ಲದೆ ಆಗಿಹೋಗಿದ್ದ ಕರಾರು.

ಹ್ಯಾಲ್ವರ್ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರಾಗಿ ನಿವೃತ್ತನಾದವನು. ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಅದಕ್ಕೇ ಮೈರನ್ ಅವನಿಗೆ 'ಸರ್ಕಾರದ ಅಳಿಯ' ಎಂದು ಹೆಸರಿಟ್ಟಿದ್ದ. ಹ್ಯಾಲ್ವರ್ ಧ್ವನಿ ಎತ್ತುವವನಲ್ಲ; ಮೆತ್ತಗೆ, ಸಮಾಧಾನವಾಗಿ, ಎದುರಿನವನ ಮೈಯೆಲ್ಲ ಉರಿಯುವ ಹಾಗೆ ಮಾತಾಡುವವನು.

"ಸಮುದ್ರದ ಮುಖಾನೇ ನೋಡದ ಈ ಊರಿನ ತೆರಿಗೇಲಿ ಹಡಗು ಕಟ್ತಾರಂತೆ, ಹಡಗು!" ಎಂದು ಮೈರನ್.

"ದೇಶ ಅಂದ್ಮೇಲೆ ಹಡಗು ಬೇಕಲ್ಲಯ್ಯ," ಎಂದು ಹ್ಯಾಲ್ವರ್.

"ಯಾರ ಮೇಲೆ ಯುದ್ಧಕ್ಕೆ? ಡಾರ್ಬಿ ಊರಿನ ಮೇಲಾ? ಹಾಗಾದ್ರೆ ಹೇಳು, ನಾನೂ ಚಂದಾ ಕೊಡ್ತೀನಿ."

ಡಾರ್ಬಿ ಪಕ್ಕದ ಊರು. ಐಸ್ ಹಾಕಿ ಪಂದ್ಯದಲ್ಲಿ ನಮ್ಮನ್ನು ವರ್ಷಾ ವರ್ಷಾ ಸೋಲಿಸುವ ಊರು. ಅದರ ಹೆಸರು ಬಂದರೆ ಆ ಮೇಜಿನಲ್ಲಿ ಎಲ್ಲ ಪಕ್ಷಗಳೂ ಒಂದಾಗುತ್ತಿದ್ದವು.

ಇಷ್ಟು ಬಾಯಿಯ ಮೈರನ್ ಒಂದು ಕಡೆ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಅದು ಊರಿನ ಸ್ಕೇಟಿಂಗ್ ರಿಂಕು, ಸೂರಿನಡಿ ಐಸು ಹಾಸಿದ ಆಟದಂಗಳ. ಹರೆಯದಿಂದ ಆ ರಿಂಕಿನ ಐಸು ಅವನದೇ ಕೈಯದು. ಸಂಬಳವಿಲ್ಲ, ಯಾರೂ ನೇಮಿಸಿದ್ದೂ ಅಲ್ಲ. ನೀರಿನ ಪೈಪು ಹಿಡಿದು, ತೆಳ್ಳಗೆ ಒಂದು ಪದರ ಹರಡಿ, ಅದು ಗಟ್ಟಿಯಾಗುವವರೆಗೆ ಕಾದು, ಮತ್ತೊಂದು ಪದರ ಹರಡುವಾಗ ಅವನ ಮುಖ ನೋಡಬೇಕಿತ್ತು. ಚರ್ಚಿನಲ್ಲೂ ಅವನು ಅಷ್ಟು ಭಕ್ತಿಯಿಂದ ನಿಂತದ್ದನ್ನು ನಾವು ಕಂಡಿಲ್ಲ. ಬ್ರೆನ್‌ವೋಲ್ಡಿನಲ್ಲಿ ಹುಟ್ಟಿದ ಪ್ರತಿ ಮಗುವೂ ಮೊದಲ ಸಲ ಬಿದ್ದು ಹಲ್ಲು ಮುರಿದುಕೊಂಡದ್ದು ಮೈರನ್ನನ ಐಸಿನ ಮೇಲೆ. ಅವನಿಗೆ ಅದು ದೊಡ್ಡ ಹೆಮ್ಮೆ.

ಆ ವರ್ಷ ಚಳಿಗಾಲಕ್ಕೆ ಮುಂಚೆ ಐಸು ಕರಗದಂತೆ ಕಾಯುತ್ತಿದ್ದ ರಿಂಕಿನ ತಂಪು ಯಂತ್ರ ಕೆಟ್ಟು ಕೂತಿತು. ರಿಪೇರಿಯವನು ಬಂದು, ಮುಚ್ಚಳ ತೆಗೆದು, ಇಣುಕಿ, ಹೆಣದ ಮುಂದೆ ನಿಂತವನ ಹಾಗೆ ಟೋಪಿ ತೆಗೆದು ನಿಂತ. ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು. ರಿಂಕಿನ ಸಮಿತಿಗೆ ಹ್ಯಾಲ್ವರೇ ಅಧ್ಯಕ್ಷ. ಒಟ್ಟಾವಾದಿಂದ ಅನುದಾನ ಸಿಗುತ್ತದೆ, ಊರವರು ಕೈ ಎತ್ತಿ ಒಪ್ಪಬೇಕು ಅಷ್ಟೇ, ಎಂದು ಅವನು ಕಾಫಿ ಅಂಗಡಿಯಲ್ಲಿ ಹೇಳಿದ. ಒಂದು ಷರತ್ತಿದೆ, ಹೊಸ ಯಂತ್ರವನ್ನೂ ಐಸನ್ನೂ ತರಬೇತಿ ಪಡೆದು ಪ್ರಮಾಣಪತ್ರ ಇರುವವರೇ ನೋಡಿಕೊಳ್ಳಬೇಕು, ಎಂದೂ ಸೇರಿಸಿದ.

ಮೈರನ್ನನ ಕೈಯಲ್ಲಿದ್ದ ಕಾಫಿ ಬಾಯಿಗೆ ಹೋಗಲಿಲ್ಲ. ಎಪ್ಪತ್ತು ದಾಟಿದವನು, ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಆ ಯಂತ್ರ ಒಳಗೆ ಬಂದ ದಿನ ತಾನು ಹೊರಗೆ ಎನ್ನುವುದು ಅವನಿಗೆ ಆ ಕ್ಷಣವೇ ಹೊಳೆಯಿತು.

ಮನೆಗೆ ಬಂದು ಹೆಂಡತಿ ಸ್ಟೆಫಿಗೆ ಮಾತ್ರ ಹೇಳಿದ. ಅವಳು ಪೆರೋಗಿ ಕಡುಬಿಗೆ ಹಿಟ್ಟು ನಾದುತ್ತಿದ್ದಳು.

"ಇದನ್ನೇ ಅಲ್ಲಿ ಬಾಯಿಬಿಟ್ಟು ಹೇಳ್ಬಾರ್ದಾ? ಐಸು ಬಿಟ್ಟು ನಂಗಿರೋಕಾಗಲ್ಲ ಅಂತ?"

"ಹೇಳಿದ್ರೆ ಕನಿಕರ ಪಡ್ತಾರೆ ಕಣೇ. ಈ ಊರಿನವರ ಬೈಗುಳ ತಡ್ಕೋಬಹುದು, ಕನಿಕರ ತಡ್ಕೊಳ್ಳೋಕಾಗಲ್ಲ."

ಹಾಗಾಗಿ ಅವನು ತನ್ನ ಸಂಕಟಕ್ಕೆ ದೇಶಾಭಿಮಾನದ ಕೋಟು ತೊಡಿಸಿ ಮರುದಿನ ಕಾಫಿ ಅಂಗಡಿಗೆ ಕರೆತಂದ.

"ನಾಚಿಕೆ ಆಗ್ಬೇಕು ನಮಗೆ!" ಎಂದು ಶುರುಮಾಡಿದ. "ಇದು ಕೆನಡಾ ಕಣ್ರಯ್ಯಾ! ಬಾಗಿಲು ತೆಗೆದ್ರೆ ಮೂಗು ಉದುರಿ ಬೀಳೋ ದೇಶ! ಇಲ್ಲಿ ಚಳೀನ ದುಡ್ಡು ಕೊಟ್ಟು ಕೊಳ್ಳೋದಾ? ಮರಳುಗಾಡಿನವನು ಮರಳಿಗೆ ಅನುದಾನ ಕೇಳಿದ ಹಾಗಾಯ್ತು. ನಮ್ಮಪ್ಪಂದಿರು ಯಾವ ಯಂತ್ರದಲ್ಲಿ ಐಸು ಮಾಡಿದ್ರು? ಎರಡೂ ಕಡೆ ಬಾಗಿಲು ತೆಗೆದಿಟ್ರು, ಗಾಳಿ ಬಂತು, ಐಸಾಯ್ತು. ಒಟ್ಟಾವಾದವರು ಇನ್ನೂ ತೆರಿಗೆ ಹಾಕದೇ ಇರೋದು ಅದೊಂದಕ್ಕೇ!"

"ಗಾಳಿ ಕೈಕೊಟ್ರೆ?" ಎಂದ ಹ್ಯಾಲ್ವರ್.

"ಗಾಳಿ ನಿನ್ನ ಮಂತ್ರಿಗಳ ಹಾಗಲ್ಲ, ಹೇಳಿದ ಟೈಮಿಗೆ ಬರುತ್ತೆ."

ಮೇಜಿನವರು ಬಿದ್ದೂ ಬಿದ್ದೂ ನಕ್ಕರು. ನಕ್ಕವರೆಲ್ಲ ಅವನ ಕಡೆಯಾದರು. ಕ್ರಿಸ್ಮಸ್ಸಿಗೆ ಮುಂಚಿನ ಡಾರ್ಬಿ ಪಂದ್ಯದವರೆಗೆ ದೇವರು ಕೊಟ್ಟ ಚಳಿಯಲ್ಲೇ ಐಸು ಮಾಡುವುದು, ಅನುದಾನದ ಮಾತು ಆಮೇಲೆ ಎಂದು ತೀರ್ಮಾನವಾಯಿತು.

ಚಳಿಯೂ ಬಂತು, ಏನು ಚಳಿ ಅಂತೀರಿ! ಉಸಿರು ಬಿಟ್ಟರೆ ಗಡ್ಡದಲ್ಲೇ ನಿಲ್ಲುತ್ತಿತ್ತು. ಮೈರನ್ ಬೆಳಗಾಗುತ್ತಲೇ ರಿಂಕಿನ ಬಾಗಿಲುಗಳನ್ನು ಹಾರುಹೊಡೆದು ನೀರು ಬಿಡುತ್ತಿದ್ದ. ಎರಡು ವಾರದಲ್ಲಿ ಐಸು ಕನ್ನಡಿಯಂತಾಯಿತು. ಅನುದಾನವೇ ಬೇಕು ಎನ್ನುತ್ತಿದ್ದ ಹ್ಯಾಲ್ವರ್ ಕೂಡ ಬಂದು ಪೈಪಿನ ಹಿಂದಿನ ತುದಿ ಹಿಡಿದುಕೊಳ್ಳುತ್ತಿದ್ದ. ವಾದ ಬೇರೆ, ಪೈಪು ಬೇರೆ.

"ಮೈನಸ್ ಇಪ್ಪತ್ತೆಂಟು ಡಿಗ್ರಿ!" ಎಂದು ಮೈರನ್ ಅಂಗಡಿಗೆ ನುಗ್ಗಿ ಸಾರುತ್ತಿದ್ದ. "ಬಿಲ್ಲು ಎಷ್ಟು ಬಂತಪ್ಪಾ, ಅಳಿಯಂದಿರೇ?"

ಪಂದ್ಯದ ದಿನ ಬೆಳಿಗ್ಗೆ ಸ್ಟೆಫಿ ಕಿಟಕಿಯಿಂದ ಹೊರಗೆ ನೋಡಿ, "ರೀ, ಸೂರು ತೊಟ್ಟಿಕ್ತಾ ಇದೆ," ಎಂದಳು. ಪಶ್ಚಿಮದ ಬೆಟ್ಟಗಳನ್ನು ಇಳಿದು ಶಿನೂಕ್ ಬಂದಿತ್ತು. ಚಳಿಗಾಲದ ನಡುವೆ ಹೇಳದೆ ಕೇಳದೆ ಬಂದು ಒಂದೇ ದಿನದಲ್ಲಿ ಹಿಮವನ್ನೆಲ್ಲ ನೆಕ್ಕಿಹಾಕುವ ಬಿಸಿಗಾಳಿ ಅದು. ಬೇರೆ ವರ್ಷವಾಗಿದ್ದರೆ ನಾವು ಕೋಟು ಬಿಚ್ಚಿ ಹಾಡಿಕೊಂಡು ಓಡಾಡುತ್ತಿದ್ದೆವು.

ಮೈರನ್ ಓಡಿಹೋಗಿ ರಿಂಕಿನ ಬಾಗಿಲುಗಳನ್ನು ಮುಚ್ಚಿದ, ಸಂದಿಗಳಿಗೆ ಕಂಬಳಿ ತುರುಕಿದ, ನೆರಳಿನಲ್ಲಿ ಉಳಿದಿದ್ದ ಹಿಮವನ್ನು ಸಲಿಕೆಯಲ್ಲಿ ತಂದು ಸುರಿದ. ಏನೂ ಪ್ರಯೋಜನವಾಗಲಿಲ್ಲ. ಪಂದ್ಯದ ಹೊತ್ತಿಗೆ ಐಸಿನ ಮೇಲೆ ಕಣಕಾಲು ಮುಳುಗುವಷ್ಟು ನೀರಿತ್ತು. ಆದರೂ ಆಡಿದರು, ಬಿಡಲಿಲ್ಲ. ಚೆಂಡಿನ ಬದಲು ನಾವು ಆಡುವ ಆ ರಬ್ಬರಿನ ಬಿಲ್ಲೆ ಗೋಲಿನ ಹತ್ತಿರ ಬಂದು ನೀರಿನಲ್ಲಿ ಪಚಕ್ಕೆಂದು ಕೂತುಬಿಡುತ್ತಿತ್ತು. ಅದನ್ನು ಹೊಡೆಯಹೋದವರು ಹೊಟ್ಟೆಯ ಮೇಲೆ ಜಾರಿ ಗೋಡೆ ಮುಟ್ಟುತ್ತಿದ್ದರು. ನಮ್ಮ ಗೋಲು ಕಾಯುವ ಹುಡುಗ ಬಿದ್ದವನು ಏಳಲೇ ಇಲ್ಲ, ಬಟ್ಟೆ ಅಷ್ಟು ನೀರು ಕುಡಿದಿತ್ತು. ಡಾರ್ಬಿಯವನೊಬ್ಬ ಮೀನಿನ ಗಾಳ ತಂದು ಬೇಲಿಯ ಮೇಲಿಂದ ಇಳಿಬಿಟ್ಟು ಕೂತ. ಅವರ ಕಡೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ನಮ್ಮವರು ನೆಲ ನೋಡುತ್ತಿದ್ದರು.

ಬೈದರಾ ಮೈರನ್ನನನ್ನು? ಒಬ್ಬರೂ ಬೈಯಲಿಲ್ಲ. ಅದೇ ಅನಾಹುತವಾದದ್ದು. ಮರುದಿನ ಅವನ ಮನೆಗೆ ಊಟದ ಪಾತ್ರೆಗಳು ಬರತೊಡಗಿದವು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹಾಗೆ ಕೊಡುವುದು. ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ಎಲೆಕೋಸಿನ ಸುರುಳಿ, ಖರ್ಜೂರದ ಬಿಲ್ಲೆ, ಮತ್ತೆ ಆಲೂಗಡ್ಡೆ. ತಂದವರೆಲ್ಲ ಬಾಗಿಲಲ್ಲೇ ನಿಂತು, ಬೂಟು ಒರೆಸಿಕೊಂಡು, "ಸಾರಿ, ಮೈರನ್," ಎನ್ನುವರು. ನೀರಲ್ಲಿ ಬಿದ್ದು ನೆಗಡಿ ಹತ್ತಿಸಿಕೊಂಡ ಗೋಲು ಕಾಯುವ ಹುಡುಗನೂ ಬಂದು ಸೀನುತ್ತಲೇ ಸಾರಿ ಹೇಳಿ ಹೋದ.

"ನಾನಿನ್ನೂ ಸತ್ತಿಲ್ಲ ಕಣ್ರೋ!" ಎಂದು ಮೈರನ್ ಬಾಗಿಲಲ್ಲಿ ಕೂಗಿದ. ಪಾಪ, ದುಃಖದಲ್ಲಿದ್ದಾನೆ ಎಂದುಕೊಂಡು ಇನ್ನೂ ಎರಡು ಪಾತ್ರೆ ಜಾಸ್ತಿ ಬಂದವು.

ಕೊನೆಗೆ ಹ್ಯಾಲ್ವರ್ ಹೊಗೆ ಹಾಕಿದ ಮೀನು ಹಿಡಿದುಕೊಂಡು ಬಂದ.

"ಬೈಯಿ," ಎಂದ ಮೈರನ್.

"ಏನಂತ ಬೈಲಿ?"

"ಒಟ್ಟಾವಾ ದುಡ್ಡು ತಗೊಂಡಿದ್ರೆ ಹೀಗಾಗ್ತಿತ್ತಾ ಅನ್ನು. ನಂಗೆ ಬುದ್ಧಿ ಇಲ್ಲ ಅನ್ನು."

"ಹೋಗ್ಲಿ ಬಿಡಪ್ಪ. ಗಾಳಿ ಯಾರ ಕೈಲಿದೆ?" ಎಂದು ಹ್ಯಾಲ್ವರ್ ಅವನ ಭುಜ ತಟ್ಟಿ ಹೋದ.

ಮೈರನ್ ಬಾಗಿಲು ಹಾಕಿ ಹೆಂಡತಿಯ ಕಡೆ ತಿರುಗಿದ. "ಇವನಿಗೆ ಗೊತ್ತಾಗಿದೆ. ನೀನು ಹೇಳ್ದ್ಯಾ?"

"ಹೌದು, ಹೇಳ್ದೆ. ಐಸು ಹೋದ್ರೆ ನನ್ನ ಗಂಡ ಉಳಿಯಲ್ಲ ಅಂದೆ. ಯಾರಾದ್ರೂ ಹೇಳ್ಬೇಕಿತ್ತಲ್ಲ."

ಮೈರನ್ ಆ ಮೀನು ಮುಟ್ಟಲಿಲ್ಲ.

ಹೊಸ ವರ್ಷದ ಮೊದಲ ಭಾನುವಾರ ರಿಂಕಿನ ಮುಂದಿನ ಹಜಾರದಲ್ಲಿ ಸಭೆ. ಇಡೀ ಊರು ಕೋಟು ಹಾಕಿಕೊಂಡೇ ಕೂತಿತ್ತು. ಹ್ಯಾಲ್ವರ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಯಾರೂ ಊಹಿಸದ ಮಾತಾಡಿದ.

"ಅನುದಾನ ಬೇಡ ಅಂತ ನನಗನ್ನಿಸುತ್ತೆ. ಮೈರನ್ ಹೇಳಿದ್ದೇ ಸರಿ. ಒಂದು ಶಿನೂಕಿಗೆ ಹೆದರಿ ಒಟ್ಟಾವಾಕ್ಕೆ ಕೈ ಚಾಚೋದು ಊರಿಗೆ ಗೌರವ ಅಲ್ಲ. ಅವರೋ... ಅವರು ಏನೇನಕ್ಕೋ ಖರ್ಚು ಮಾಡ್ತಾರೆ. ಹಡಗು ಗಿಡಗು. ನಾವು ನಮ್ಮ ಚಳಿಯಲ್ಲೇ ನಡೆಸ್ಕೊಂಡು ಹೋಗೋಣ."

ಸಭೆ ಬೆರಗಾಯಿತು. ಜೋಸಿ ಪಕ್ಕದವಳ ಮುಖ ನೋಡಿದಳು. ಮೈರನ್ನನ ಕಿವಿ ಕೆಂಪಾಗುತ್ತಾ ಬಂತು. ಅವನು ಹೇಳಿದ್ದನ್ನು ಹ್ಯಾಲ್ವರ್ ಜನ್ಮದಲ್ಲೇ ಸರಿ ಎಂದದ್ದಿಲ್ಲ. ಈಗ ಅಂದದ್ದು ಕನಿಕರಕ್ಕೆ. ಸಾಲದ್ದಕ್ಕೆ ತನ್ನ ಮಾತನ್ನೇ ಕದ್ದು, ಅದನ್ನೂ ನೆಟ್ಟಗೆ ಆಡಲು ಬರದೆ, ಉಪ್ಪು ಹುಳಿ ಖಾರ ಏನೂ ಇಲ್ಲದೆ ಬಡಿಸುತ್ತಿದ್ದಾನೆ. ಹಡಗು ಗಿಡಗು ಅಂತೆ!

"ಏನೋ ಮಾತಾಡ್ತಿದ್ದೀಯಾ?" ಎಂದು ಮೈರನ್ ಎದ್ದೇಬಿಟ್ಟ. "ಕೈ ಚಾಚೋದು ಅಂದ್ಯಾ? ಯಾರ ದುಡ್ಡೋ ಅದು? ನಮ್ಮದು! ನನ್ನ ಗೋಧಿದು, ಜೋಸಿಯ ಕಾಫಿದು! ಜೀವಮಾನವೆಲ್ಲಾ ತೆರಿಗೆ ಕಟ್ಟಿ, ಅದು ಮನೆಗೆ ವಾಪಸ್ ಬರೋವಾಗ ಬೇಡ ಅನ್ನೋಕೆ ನಮಗೇನು ತಲೆ ಕೆಟ್ಟಿದ್ಯಾ?"

"ನೀನೇ ಅಲ್ವೇನೋ ಗೌರವ ಅಂದವನು—"

"ಗೌರವ! ನಮ್ಮ ಮಕ್ಕಳು ಸ್ಕೇಟ್ಸ್ ಹೆಗಲಿಗೆ ಹಾಕ್ಕೊಂಡು ಡಾರ್ಬಿಗೆ ಹೋಗಿ ಅವರ ಐಸಲ್ಲಿ ಅಭ್ಯಾಸ ಮಾಡ್ತಿದಾರೆ, ಅದು ಗೌರವಾನಾ? ದೇಶ ಅಂದ್ರೆ ಬರೀ ಬಾವುಟಾನಾ? ಒಂದೂರಲ್ಲಿ ಐಸು ಕರಗಿದ್ರೆ ಉಳಿದೋರು ಹೆಗಲು ಕೊಡೋದು ಅಲ್ವೇನೋ ದೇಶ?"

ಇದು ಪೂರ್ತಿ ಹ್ಯಾಲ್ವರನ ಮಾತು. ಎಷ್ಟೋ ವರ್ಷ ಬೆಳಿಗ್ಗೆ ಬೆಳಿಗ್ಗೆ ಕೇಳಿ ಮೈರನ್ನನಿಗೆ ಬಾಯಿಪಾಠವಾಗಿತ್ತು. ಆದರೆ ಹ್ಯಾಲ್ವರ್ ಅದನ್ನು ಯಾವತ್ತೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಜನ ಚಪ್ಪಾಳೆ ತಟ್ಟತೊಡಗಿದರು.

"ಮೈರನ್, ಒಂಚೂರು ಯೋಚನೆ ಮಾಡೋ," ಎಂದ ಹ್ಯಾಲ್ವರ್. ಅವನ ಮೆತ್ತನೆಯ ಧ್ವನಿ ಇನ್ನೂ ಮೆತ್ತಗಾಗಿತ್ತು. "ಯಂತ್ರ ಬಂದ್ರೆ ನೀನು—"

"ಬರ್ಲಿ ಬಿಡೋ! ಯಾರು ಒಪ್ತೀರಿ? ಎತ್ರೋ ಕೈ!" ಎಂದು ಮೈರನ್ ತಾನೇ ಮೊದಲು ಎತ್ತಿದ.

ಹಜಾರದ ತುಂಬ ಕೈಗಳೆದ್ದವು. ಆಗ ಮೈರನ್ ತಲೆಯೆತ್ತಿ ತನ್ನ ಕೈ ನೋಡಿದ. ಪೈಪು ಹಿಡಿದೂ ಹಿಡಿದೂ ಬೆರಳು ಸೊಟ್ಟಗಾಗಿದ್ದ ಆ ಕೈಯನ್ನು ಇಳಿಸಬೇಕು ಅನ್ನಿಸಿತು. ಮಕ್ಕಳೆಲ್ಲ ಅವನನ್ನೇ ನೋಡುತ್ತಿದ್ದರು. ಇಳಿಸಲಿಲ್ಲ. ಹ್ಯಾಲ್ವರ್ ಎಣಿಸುವ ಗೋಜಿಗೂ ಹೋಗದೆ ಕೂತುಬಿಟ್ಟ.

ಮಾರನೆಯ ಬೆಳಿಗ್ಗೆ ಮೈರನ್ ಕಾಫಿ ಅಂಗಡಿಗೆ ಬಂದು, ರಿಂಕಿನ ಬೀಗದ ಕೈಯನ್ನು ಹ್ಯಾಲ್ವರನ ಕಪ್ಪಿನ ಪಕ್ಕ ಇಟ್ಟ. ಯಾರೋ ಸಣ್ಣಗೆ "ಸಾರಿ, ಮೈರನ್," ಎಂದರು. ಜೋಸಿ ಕೇಳದೆಯೇ ಒಂದು ತಟ್ಟೆ ಬೆಣ್ಣೆ ಬಿಸ್ಕತ್ತು ತಂದಿಟ್ಟಳು. ಮೈರನ್ ಆ ತಟ್ಟೆಯನ್ನು ನೋಡಿದ, ಹ್ಯಾಲ್ವರನನ್ನು ನೋಡಿದ. ತಟ್ಟೆಯನ್ನು ಅವನ ಕಡೆಗೆ ತಳ್ಳಿದ.

ಹ್ಯಾಲ್ವರನಿಗೆ ಅವತ್ತು ಬಾಗಿಲಲ್ಲಿ ಕೇಳಿದ 'ಬೈಯಿ' ನೆನಪಾಯಿತೋ ಏನೋ, ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡ. "ಅಂತೂ ಕೈಗೆ ಬಂತಪ್ಪಾ!" ಎಂದ. "ನಿನ್ನ ಐಸು ಮೊದಲಿಂದ್ಲೂ ಒಂದು ಕಡೆ ವಾಲ್ತಿತ್ತು ಕಣಯ್ಯ. ನಮ್ಮ ಗೋಲಿನ ಕಡೆಗೇ. ಡಾರ್ಬಿಯವರು ವರ್ಷಾ ವರ್ಷಾ ಗೆದ್ದಿದ್ದು ಅದಕ್ಕೇ. ನಾವು ಮರ್ಯಾದೆಗೆ ಹೇಳಿರಲಿಲ್ಲ."

ಜೋಸಿ ಕಾಫಿ ಜಗ್ಗನ್ನು ಹಿಡಿದುಕೊಂಡು ಹಾಗೇ ನಿಂತಳು.

"ವಾಲ್ತಿತ್ತಾ?" ಎಂದ ಮೈರನ್. ಕುರ್ಚಿ ತಳ್ಳಿ, ಟೋಪಿ ಎಳೆದುಕೊಂಡು ಹೊರಗೆ ಹೋಗಿ ತನ್ನ ಪಿಕಪ್ಪಿನಲ್ಲಿ ಕೂತ. ಕಿಟಕಿಯಿಂದ ನಮಗೆಲ್ಲ ಕಾಣುತ್ತಿತ್ತು. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಮನಸಾರೆ ಅತ್ತ. ಹ್ಯಾಲ್ವರ್ ಕಿಟಕಿಗೆ ಬೆನ್ನು ಮಾಡಿ, ಬೆಣ್ಣೆ ಬಿಸ್ಕತ್ತು ಮುರಿಯುತ್ತಾ, ಮೈರನ್ನನ ಕಪ್ಪು ತೆಗೆಯಬೇಡ ಎಂದು ಜೋಸಿಗೆ ಹೇಳಿದ.

ಸ್ವಲ್ಪ ಹೊತ್ತಿಗೆ ಪಿಕಪ್ಪಿನ ಬಾಗಿಲು ಧಡ್ಡನೆ ತೆರೆಯಿತು. ಮೂಗು ಒರೆಸಿಕೊಳ್ಳುತ್ತಾ ಮೈರನ್ ಅಂಗಡಿಗೆ ನುಗ್ಗಿದ.

"ಲೋ ಪೋಸ್ಟ್ ಮಾಸ್ಟರ್! ಆಟದ ಮಧ್ಯೆ ಎರಡೂ ತಂಡ ಗೋಲು ಬದಲಾಯಿಸ್ತಾರಲ್ಲೋ, ಕತ್ತೆ! ವಾಲಿದ್ರೆ ಇಬ್ಬರಿಗೂ ತಾನೇ ವಾಲ್ಬೇಕು?" ಎಂದು ಕೂಗಿ ಮೇಜು ಗುದ್ದಿದ. ಹ್ಯಾಲ್ವರ್ ಆಗಲೇ ತನ್ನ ಕಪ್ಪನ್ನು ಎತ್ತಿ ಹಿಡಿದುಕೊಂಡಿದ್ದ.